ಥಿನ್ನರ್ ಹೊರಡುವ ತನಕ

ಹೋದ ವರ್ಷ ಜುಲೈನಲ್ಲಿ ಅಕ್ಕನ ಮಗನ ಗಿಟಾರಿಗೆ ಬಣ್ಣ ಹೊಡೆಯಲು ಕೂತೆ. ಅವನು ಸೆಕೆಂಡ್ ಹ್ಯಾಂಡ್‌ನಲ್ಲಿ ನಾಲ್ಕು ಸಾವಿರಕ್ಕೆ ಕೊಂಡ ಎಲೆಕ್ಟ್ರಿಕ್ ಗಿಟಾರ್ ಅದು. ಕಪ್ಪು ಮೈ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಆಕಾಶದ ನೀಲಿ ಬೇಕು ಅಂದ. ಮಂಗಳೂರಿನಲ್ಲಿ ಅವತ್ತು ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ತಾರಸಿಯ ಶೀಟಿನ ಕೆಳಗೆ ಗಿಟಾರಿನ ಮೈಯನ್ನು ತಂತಿಗೆ ತೂಗುಹಾಕಿ, ಕಾರಿನ ಬಣ್ಣದ ಸ್ಪ್ರೇ ಡಬ್ಬಿ ಹಿಡಿದು ಹೊಡೆದೆ. ಹಸಿ ಬಣ್ಣ ಕನ್ನಡಿಯಂತೆ ಹೊಳೆಯಿತು. ಐದು ನಿಮಿಷ ಆಗಿರಲಿಲ್ಲ, ನೀಲಿಯ ಮೇಲೆ ಯಾರೋ ನೀರುಮಜ್ಜಿಗೆ ಚೆಲ್ಲಿದ ಹಾಗೆ ಬಿಳಿಚಿಕೊಂಡಿತು.

"ಮಾಮ, ಬೂಸ್ಟು ಹಿಡೀತಾ?" ಅಂದ ಹುಡುಗ.

ಬೂಸ್ಟಲ್ಲ, ನೀರು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಯಾಕೆ ಅಂತ ನಮಗೆಲ್ಲ ಗೊತ್ತು. ಆವಿಯಾಗುವ ನೀರು ಹೋಗುವಾಗ ಶಾಖವನ್ನೂ ಕೊಂಡೊಯ್ಯುತ್ತದೆ. ಬಣ್ಣವನ್ನು ತೆಳುಮಾಡಲು ಬೆರೆಸಿರುವ ದ್ರವ, ಅಂದರೆ ಥಿನ್ನರ್, ನೀರಿಗಿಂತ ಬೇಗ ಆರುತ್ತದೆ, ಹಾಗಾಗಿ ಹಸಿ ಬಣ್ಣದ ಮೈ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವಾಂಶ 90 ಶೇಕಡಾ ಮುಟ್ಟುವುದು ಮಾಮೂಲು. 28 ಡಿಗ್ರಿ ಸೆಲ್ಸಿಯಸ್ ಇದ್ದು ತೇವ 90 ಶೇಕಡಾ ಇದ್ದರೆ, ಯಾವುದೇ ವಸ್ತು ಸುಮಾರು 26 ಡಿಗ್ರಿಗೆ ಇಳಿದರೂ ಸಾಕು, ಅದರ ಮೇಲೆ ಇಬ್ಬನಿ ಕೂರುತ್ತದೆ. ಎರಡೇ ಡಿಗ್ರಿಯ ಅಂತರ! ಆ ಸಣ್ಣ ಹನಿಗಳು ಆರುತ್ತಿರುವ ಬಣ್ಣದೊಳಗೆ ಸಿಕ್ಕಿಕೊಂಡು, ಕೊನೆಗೆ ಸೂಕ್ಷ್ಮ ಗುಳ್ಳೆಗಳನ್ನು ಉಳಿಸುತ್ತವೆ. ಬೆಳಕು ಆ ಗುಳ್ಳೆಗಳಿಗೆ ತಾಗಿ ಎಲ್ಲ ಕಡೆಗೂ ಚೆದರುತ್ತದೆ. ಮೋಡ ಬಿಳಿ ಕಾಣುವುದೂ ಇದೇ ಕಾರಣಕ್ಕೆ. ಬೆಂಗಳೂರಿನ ಮಾರ್ಚ್ ತಿಂಗಳ ಒಣ ಮಧ್ಯಾಹ್ನದಲ್ಲಿ, 30 ಡಿಗ್ರಿ ಬಿಸಿಲು, 35 ಶೇಕಡಾ ತೇವ ಇದ್ದಾಗ, ಇಬ್ಬನಿ ಕೂರಲು ಸುಮಾರು 13 ಡಿಗ್ರಿಗೆ ಇಳಿಯಬೇಕು. ಬಣ್ಣ ಅಷ್ಟೊಂದು ತಣ್ಣಗಾಗುವುದೇ ಇಲ್ಲ. ಅಲ್ಲಿ ಹೊಡೆದಿದ್ದರೆ ಅದೇ ಡಬ್ಬಿ, ಅದೇ ಕೈ, ಆದರೆ ಬಿಳಿಚು ಇರುತ್ತಿರಲಿಲ್ಲ.

ಆ ದಿನದಿಂದ ನನಗೆ ಒಂದು ವಿಷಯ ಮನಸ್ಸಿಗೆ ಹತ್ತಿತು. ಸ್ಪ್ರೇ ಬಣ್ಣದ ಕೆಲಸ ಅಂದರೆ ಅರ್ಧಕ್ಕರ್ಧ ಥಿನ್ನರನ್ನು ಸರಿಯಾಗಿ ಬೀಳ್ಕೊಡುವ ಕೆಲಸ. ಡಬ್ಬಿಯಿಂದ ಹೊರಬರುವುದರಲ್ಲಿ ಹೆಚ್ಚಿನ ಪಾಲು ಮರದ ಮೇಲೆ ಉಳಿಯುವುದಿಲ್ಲ, ಗಾಳಿಗೆ ಹೋಗುತ್ತದೆ. ಬೇಗ ಹೋದರೆ ಒಂದು ತೊಂದರೆ, ತಡವಾದರೆ ಇನ್ನೊಂದು, ಒಳಗೇ ಸಿಕ್ಕಿಬಿದ್ದರೆ ಮತ್ತೊಂದು.

ಡಬ್ಬಿಯನ್ನೇ ನೋಡಿ. ಅಮೆರಿಕದ ಇಲಿನಾಯ್ ರಾಜ್ಯದ ಸಿಕಮೋರ್ ಊರಿನ ಎಡ್ ಸೀಮೋರ್ ಅನ್ನುವವರು 1949ರಲ್ಲಿ ಮೊದಲ ಸ್ಪ್ರೇ ಪೇಂಟ್ ಡಬ್ಬಿ ಮಾಡಿದರು. ಮನೆ ಬಿಸಿ ಮಾಡುವ ರೇಡಿಯೇಟರುಗಳಿಗೆ ಹಚ್ಚುವ ಅಲ್ಯೂಮಿನಿಯಂ ಬಣ್ಣ ಅದು. ಒಳಗೆ ಬಣ್ಣದ ಜೊತೆ ಒತ್ತಡದಲ್ಲಿ ದ್ರವವಾಗಿರುವ ಅನಿಲ ಇರುತ್ತದೆ. ಈಗಿನ ಡಬ್ಬಿಗಳಲ್ಲಿ ಹೆಚ್ಚಾಗಿ ನಮ್ಮ ಅಡುಗೆ ಅನಿಲದ ಜಾತಿಯದೇ, ಪ್ರೊಪೇನ್ ಮತ್ತು ಬ್ಯೂಟೇನ್. ಸೈಕಲ್ ಟ್ಯೂಬಿನ ಗಾಳಿಯ ಹಾಗೆ ಇದರ ಒತ್ತಡ ಬಳಸಿದಷ್ಟೂ ಇಳಿಯುವುದಿಲ್ಲ. ಸ್ವಲ್ಪ ಅನಿಲ ಹೊರಹೋದರೆ ದ್ರವದಿಂದ ಅಷ್ಟೇ ಕುದಿದು ಜಾಗ ತುಂಬುತ್ತದೆ. ಅದಕ್ಕೇ ಮೊದಲ ಹೊಡೆತವೂ ಕೊನೆಯ ಹೊಡೆತವೂ ಹೆಚ್ಚುಕಡಿಮೆ ಒಂದೇ ರಭಸ. ಆದರೆ ಹಾಗೆ ಕುದಿಯಲು ಶಾಖ ಬೇಕಲ್ವಾ? ಅದನ್ನು ಡಬ್ಬಿಯಿಂದಲೇ ತೆಗೆದುಕೊಳ್ಳುತ್ತದೆ. ಒಂದೇ ಸಮ ಹೊಡೆಯುತ್ತಾ ಹೋದರೆ ಡಬ್ಬಿ ಕೈಗೆ ತಣ್ಣಗಾಗಿ, ಒತ್ತಡ ಇಳಿದು, ನವಿರಾದ ಮಂಜಿನ ಬದಲು ದಪ್ಪ ಹನಿಗಳನ್ನು ಉಗುಳತೊಡಗುತ್ತದೆ. ಆಗ ನಿಲ್ಲಿಸಿ, ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಬೇಕು. ಒಲೆಯ ಹತ್ತಿರ ಮಾತ್ರ ಯಾವ ಕಾರಣಕ್ಕೂ ಒಯ್ಯಬಾರದು.

ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಹಿಂದೆ ಡಬ್ಬಿಗಳಲ್ಲಿ ಬೆಂಕಿ ಹತ್ತದ ಕ್ಲೋರೋಫ್ಲೋರೋ ಕಾರ್ಬನ್ ಇರುತ್ತಿತ್ತು. ಅದು ಓಝೋನ್ ಪದರಕ್ಕೆ ಕುತ್ತು ಅಂತ ಮೊಲಿನಾ ಮತ್ತು ರೋಲಂಡ್ ಅನ್ನುವ ವಿಜ್ಞಾನಿಗಳು 1974ರಲ್ಲಿ ತೋರಿಸಿದರು, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಮರೆಯಾಯಿತು. ಓಝೋನಿಗೆ ಒಳ್ಳೆಯದಾಯಿತು. ಆದರೆ ಈಗ ನಾವು ಹೊಡೆಯುವುದು ಬೆಂಕಿ ಹತ್ತುವ ಅನಿಲ, ಜೊತೆಗೆ ಬೆಂಕಿ ಹತ್ತುವ ಥಿನ್ನರ್. ಮುಚ್ಚಿದ ಕೋಣೆಯಲ್ಲಿ, ದೇವರ ದೀಪ ಉರಿಯುವ ಮನೆಯೊಳಗೆ, ಗೀಸರ್ ಇರುವ ಬಚ್ಚಲಿನಲ್ಲಿ ಈ ಕೆಲಸ ಬೇಡ. ಬಟ್ಟೆಯ ಮಾಸ್ಕ್ ಧೂಳು ತಡೆದೀತು, ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು.

ಹೊಡೆಯುವ ರೀತಿಗೆ ಬರೋಣ. ಹೊರಬಂದ ಕೂಡಲೇ ಅನಿಲ ಸಿಡಿದು ಬಣ್ಣವನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ. ಡಬ್ಬಿ ತುಂಬಾ ದೂರ ಹಿಡಿದರೆ ಹನಿ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತದೆ, ಮೈ ತರಿತರಿಯಾಗುತ್ತದೆ. ತುಂಬಾ ಹತ್ತಿರ ಹಿಡಿದರೆ ಒಂದೇ ಕಡೆ ಬಿದ್ದು ಕೆಳಗೆ ಇಳಿಯುತ್ತದೆ. 20ರಿಂದ 30 ಸೆಂಟಿಮೀಟರ್ ಸರಿ. ಅಷ್ಟು ದೂರದಿಂದ ಬಂದ ಹನಿ ಇನ್ನೂ ಹಸಿಯಾಗಿದ್ದು, ಪಕ್ಕದ ಹನಿಯೊಡನೆ ಕೂಡಿ ಮಟ್ಟಸವಾಗುತ್ತದೆ. ಕೈ ಗಿಟಾರಿನ ಅಂಚಿನ ಹೊರಗೆ ಶುರುವಾಗಿ, ಆಚೆ ಅಂಚು ದಾಟಿದ ಮೇಲೆ ನಿಲ್ಲಬೇಕು.

ಎಲ್ಲರೂ "ತೆಳುವಾಗಿ ಹೊಡಿ, ತೆಳುವಾಗಿ ಹೊಡಿ" ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಎರಡು ಲೆಕ್ಕ ಇವೆ, ಎರಡೂ ನನಗೆ ಬಹಳ ಇಷ್ಟ. ನೇರ ನಿಂತ ಮೈ ಮೇಲೆ ಹಸಿ ಬಣ್ಣದ ದಪ್ಪ ಎರಡು ಪಟ್ಟಾದರೆ, ಕೆಳಗೆ ಜಾರುವ ಬಣ್ಣದ ಪ್ರಮಾಣ ಎರಡು ಪಟ್ಟಾಗುವುದಿಲ್ಲ, ಎಂಟು ಪಟ್ಟಾಗುತ್ತದೆ. ಮರದ ಮೈಗೆ ಅಂಟಿದ ಪದರ ಅಲುಗುವುದಿಲ್ಲ, ಅದರ ಮೇಲಿನದು ಸ್ವಲ್ಪ ಜಾರುತ್ತದೆ, ಎಲ್ಲಕ್ಕಿಂತ ಹೊರಗಿನದು ಜಾಸ್ತಿ ಜಾರುತ್ತದೆ. ದಪ್ಪ ಹೆಚ್ಚಿದ ಹಾಗೆ ಹೊರಗಿನದಕ್ಕೆ ಹಿಡಿತ ತಪ್ಪುತ್ತಾ ಹೋಗುತ್ತದೆ. ಎರಡನೆಯ ಲೆಕ್ಕ ಥಿನ್ನರಿನದು. ತಳದಲ್ಲಿರುವ ಥಿನ್ನರ್ ಗಟ್ಟಿಯಾಗುತ್ತಿರುವ ಬಣ್ಣದ ಸಂದಿಯಲ್ಲಿ ನುಸುಳಿ ಮೇಲೆ ಬರಬೇಕು. ದಪ್ಪ ಎರಡು ಪಟ್ಟಾದರೆ ಅದಕ್ಕೆ ಬೇಕಾದ ಸಮಯ ಸುಮಾರು ನಾಲ್ಕು ಪಟ್ಟು. ಅಂದರೆ ಒಂದು ದಪ್ಪ ಕೋಟಿಗಿಂತ ನಾಲ್ಕು ತೆಳು ಕೋಟು, ನಡುವೆ ಹತ್ತು ಹದಿನೈದು ನಿಮಿಷ ಬಿಡುವು ಕೊಟ್ಟು ಹೊಡೆದರೆ, ಕೆಲಸ ಬೇಗ ಮುಗಿಯುತ್ತದೆ. ಅವಸರ ಇರುವವರಿಗೂ ತೆಳು ಕೋಟೇ ಲಾಭ.

ಯಾವ ಬಣ್ಣ ಅನ್ನುವುದಕ್ಕೆ ಒಂದು ಚಂದದ ಕಥೆ ಇದೆ. ನಮ್ಮ ಬಡಗಿಗಳು, ಗ್ಯಾರೇಜಿನವರು ಈಗಲೂ "ಡ್ಯೂಕೋ ಹೊಡೆಸಿ ಸಾರ್" ಅನ್ನುತ್ತಾರಲ್ಲ, ಆ ಡ್ಯೂಕೋ ಅಮೆರಿಕದ ಡ್ಯೂಪಾಂಟ್ ಕಂಪನಿ 1923ರಲ್ಲಿ ತಂದ ಬಣ್ಣದ ಹೆಸರು. ಹತ್ತಿಯ ನಾರಿನ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಬದಲಾಯಿಸಿ ಮಾಡುವ ನೈಟ್ರೋಸೆಲ್ಯುಲೋಸ್ ಅದರ ಜೀವಾಳ. ಪೇಂಟ್ ಅಂಗಡಿಯಲ್ಲಿ ಎನ್‌ಸಿ ಥಿನ್ನರ್, ಎನ್‌ಸಿ ಪುಟ್ಟಿ ಅನ್ನುವ ಎನ್‌ಸಿ ಇದೇ. ಅಲ್ಲಿಯ ತನಕ ಒಂದು ಕಾರಿಗೆ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ಡ್ಯೂಕೋ ಬಂದ ಮೇಲೆ ಅದು ಗಂಟೆಗಳ ಮಾತಾಯಿತು. ಕ್ಯಾಲಿಫೋರ್ನಿಯಾದ ಫೆಂಡರ್ ಕಂಪನಿ ಗಿಟಾರುಗಳಿಗೆ ಬೇರೆ ಬೇರೆ ಬಣ್ಣ ಕೊಡಲು ಹೊರಟಾಗ ಕಾರಿನ ಬಣ್ಣದ ಡಬ್ಬಿಗಳನ್ನೇ ತೆರೆಯಿತು. ಫಿಯೆಸ್ಟಾ ರೆಡ್ ಅನ್ನುವ ಹೆಸರಾಂತ ಗಿಟಾರ್ ಬಣ್ಣ ಫೋರ್ಡ್ ಥಂಡರ್‌ಬರ್ಡ್ ಕಾರಿನದು, ಲೇಕ್ ಪ್ಲಾಸಿಡ್ ಬ್ಲೂ ಕ್ಯಾಡಿಲಾಕ್ ಕಾರಿನದು. ಕಾರಿನ ಸ್ಪ್ರೇ ತಂದು ಗಿಟಾರಿಗೆ ಹೊಡೆಯುವಾಗ ನಮ್ಮ ಕೈಯಲ್ಲಿರುವುದು ಕಡಿಮೆ ದರ್ಜೆಯ ದಾರಿ ಅಂತ ಯಾರೂ ಅಂದುಕೊಳ್ಳಬೇಕಿಲ್ಲ.

ಡ್ಯೂಕೋ, ನಾನು ಹೊಡೆದ ಕಾರಿನ ಸ್ಪ್ರೇ, ಇವೆಲ್ಲ ಲ್ಯಾಕರ್ ಜಾತಿ. ಈ ಜಾತಿಯ ಬಣ್ಣ ಬೆಲ್ಲದ ಹಾಗೆ. ಪಾಕ ಒಣಗಿ ಅಚ್ಚಾದರೂ ನೀರು ಬಿದ್ದರೆ ಮತ್ತೆ ಕರಗುತ್ತದೆ. ಲ್ಯಾಕರ್ ಒಣಗುವುದೆಂದರೆ ಥಿನ್ನರ್ ಹೋಗುವುದು, ಅಷ್ಟೇ. ಹೊಸ ಕೋಟಿನ ಥಿನ್ನರ್ ಹಳೆಯ ಕೋಟನ್ನು ತುಸು ಕರಗಿಸುತ್ತದೆ, ಎರಡೂ ಸೇರಿ ಒಂದಾಗುತ್ತವೆ. ಕಾರ್ಖಾನೆಯಿಂದ ಬರುವ ಅಗ್ಗದ ಗಿಟಾರಿನ ಮೇಲೆ ಸಾಮಾನ್ಯವಾಗಿ ಇರುವುದು ಪಾಲಿಯೆಸ್ಟರ್ ಅಥವಾ ಪಾಲಿಯುರೆಥೇನ್. ಅದು ಬೆಂದ ಮೊಟ್ಟೆಯ ಹಾಗೆ. ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆಯಾಗಿಬಿಟ್ಟಿರುತ್ತವೆ, ಯಾವ ಥಿನ್ನರಿಗೂ ಮತ್ತೆ ಕರಗುವುದಿಲ್ಲ.

ಇದು ನಮಗೆ ಅನುಕೂಲವೇ. ಆ ಗಟ್ಟಿ ಹಳೆಯ ಬಣ್ಣವನ್ನು ಕಿತ್ತು ಮರ ತೋರಿಸುವ ಗೋಜಿಗೆ ತುಂಬಾ ಜನ ಹೋಗುತ್ತಾರೆ. ಹೀಟ್ ಗನ್, ಕೆರೆಯುವ ಪಟ್ಟಿ, ಎರಡು ದಿನದ ಧೂಳು. ಒಳಗೆ ಏನು ಸಿಗುತ್ತದೆ? ಅಗ್ಗದ ಗಿಟಾರಿನಲ್ಲಿ ಹಲವು ಸಲ ನಾಲ್ಕೈದು ತುಂಡು ಮರ ಅಂಟಿಸಿದ ಮೈ. ಮರದ ಗೆರೆ ಕಾಣಿಸುವ ಆಸೆ ಇಲ್ಲದಿದ್ದರೆ ಹಳೆಯದನ್ನು ಹಾಗೇ ಬಿಡಿ. ಚಕ್ಕೆ ಎದ್ದ ಕಡೆ ಪುಟ್ಟಿ ತುಂಬಿ, 320 ನಂಬರಿನ ಉಪ್ಪುಕಾಗದದಲ್ಲಿ ಹೊಳಪು ಪೂರ್ತಿ ಹೋಗುವ ಹಾಗೆ ಉಜ್ಜಿ, ಪ್ರೈಮರ್ ಅನ್ನುವ ತಳಬಣ್ಣ ಹೊಡೆದರೆ ಆಯಿತು. ಆ ಗೀರುಗಳೇ ಹೊಸ ಬಣ್ಣಕ್ಕೆ ಹಿಡಿತ. ಉಜ್ಜುವ ಮೊದಲು ಕತ್ತು, ತಂತಿ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಎಲ್ಲ ಬಿಚ್ಚಿ, ಪ್ರತಿ ಹಂತದ ಫೋಟೋ ತೆಗೆದಿಟ್ಟುಕೊಳ್ಳಿ. ಕತ್ತು ಕೂರುವ ಗುಂಡಿಗೆ ಮಾತ್ರ ಟೇಪು ಅಂಟಿಸಿ ಬಣ್ಣ ತಾಗದ ಹಾಗೆ ಮಾಡಿ. ಅಲ್ಲಿ ಕೂಡಿದ ಬಣ್ಣ ಕತ್ತನ್ನು ಬಿಗಿಯಾಗಿ ಕೂರಲು ಬಿಡುವುದಿಲ್ಲ.

ಇನ್ನೊಂದು ಜಾತಿ ಎನಾಮೆಲ್. ಗೇಟಿಗೆ, ಕಿಟಕಿ ಸರಳಿಗೆ ಹಚ್ಚುವಂಥದ್ದು. ಅದು ಮೊದಲು ಥಿನ್ನರ್ ಬಿಟ್ಟು, ಆಮೇಲೆ ಗಾಳಿಯ ಆಮ್ಲಜನಕ ಹೀರುತ್ತಾ ದಿನಗಟ್ಟಲೆ ಬಲೆ ಕಟ್ಟುತ್ತದೆ. ಬಲೆ ಅರ್ಧ ಕಟ್ಟಿದಾಗ ಮೇಲೆ ಇನ್ನೊಂದು ಕೋಟು ಬಿದ್ದರೆ ಹೊಸ ಥಿನ್ನರ್ ಒಳನುಗ್ಗಿ ಅದನ್ನು ಉಬ್ಬಿಸುತ್ತದೆ, ಕಾಯಿಸಿದ ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಇಡೀ ಮೈ ಸುಕ್ಕಾಗುತ್ತದೆ. ಡಬ್ಬಿಯ ಮೇಲೆ "ಒಂದು ಗಂಟೆಯೊಳಗೆ, ಇಲ್ಲವೇ ಎರಡು ದಿನದ ಮೇಲೆ" ಎಂಬಂಥ ಮಾತು ಇದ್ದರೆ ಅದನ್ನು ಅಕ್ಷರಶಃ ಪಾಲಿಸಿ.

ಥಿನ್ನರೇ ಬೇಡದ ಬಣ್ಣ ನಮ್ಮಲ್ಲಿದೆ ಅನ್ನುವುದು ಈ ಕೆಲಸ ಮಾಡುವಾಗಲೇ ನನಗೆ ನೆನಪಾದದ್ದು. ಚನ್ನಪಟ್ಟಣದ ಗೊಂಬೆ ಮಾಡುವವರು ತಿರುಗಣೆಯಲ್ಲಿ ಗಿರಗಿರ ತಿರುಗುವ ಹಾಲೆ ಮರಕ್ಕೆ ಬಣ್ಣ ಕಲೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಣ್ಣಗಾದರೆ ಕೆಲಸ ಆಯಿತು. ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸುತ್ತಾರೆ. ಕಾಯಲು ಏನೂ ಇಲ್ಲ. ಗಿಟಾರಿನ ಮೈ ತಿರುಗಣೆಗೆ ಕೂರುವ ಆಕಾರದ್ದಲ್ಲ, ಅದೊಂದೇ ಅಡ್ಡಿ. ಲ್ಯಾಕರ್ ಅನ್ನುವ ಇಂಗ್ಲಿಷ್ ಪದವೂ ಲಾಕ್ಷಾ, ಅಂದರೆ ಅರಗಿನಿಂದಲೇ ಊರೂರು ಸುತ್ತಿ ಹುಟ್ಟಿದ್ದು.

ಮನೆಯಲ್ಲಿ ಬಣ್ಣ ಹೊಡೆದ ಅಗ್ಗದ ಗಿಟಾರುಗಳಲ್ಲಿ ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಅವರದ್ದನ್ನು ಮೀರಿಸಿದ್ದು ಇಲ್ಲ. 1970ರ ದಶಕದಲ್ಲಿ, ಮರದಲ್ಲಿ ದೋಷ ಇದೆ ಅಂತ ಬದಿಗಿಟ್ಟಿದ್ದ ಮೈಯನ್ನು 50 ಡಾಲರಿಗೆ, ಕತ್ತನ್ನು 80 ಡಾಲರಿಗೆ ಕೊಂಡು ಅವರೇ ಜೋಡಿಸಿದರು. ಮೊದಲು ಕಪ್ಪು, ಅದರ ಮೇಲೆ ಅಡ್ಡಾದಿಡ್ಡಿ ಟೇಪು, ಅದರ ಮೇಲೆ ಬಿಳಿ. ಟೇಪು ಕಿತ್ತಾಗ ಪಟ್ಟೆಗಳು ಎದ್ದವು. 1979ರಲ್ಲಿ ಮತ್ತೆ ಟೇಪು ಅಂಟಿಸಿ ಸೈಕಲ್ಲಿಗೆ ಹೊಡೆಯುವ ಕೆಂಪು ಹೊಡೆದರು. 2019ರಲ್ಲಿ ಆ ಗಿಟಾರ್ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕಿತ್ತು. ಟೇಪಿನ ಕೆಲಸ ಮಾಡುವವರಿಗೆ ಒಂದು ಮಾತು: ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ, ಟೇಪನ್ನು ಅದರ ಮೇಲೇ ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಗಟ್ಟಿಯಾದ ಮೇಲೆ ಎಳೆದರೆ ಅಂಚು ಗಾಜಿನಂತೆ ಚಕ್ಕೆ ಏಳುತ್ತದೆ.

ಬಣ್ಣ ಬಳಿದರೆ ನಾದ ಕೆಡುತ್ತದೆಯೇ ಅಂತ ಹುಡುಗ ಚಿಂತೆಗೆ ಬಿದ್ದಿದ್ದ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಅಂದರೆ ಅಯಸ್ಕಾಂತ ಮತ್ತು ಅದಕ್ಕೆ ಸುತ್ತಿದ ತಾಮ್ರದ ತಂತಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ನಾಲ್ಕು ಸೆಂಟಿಮೀಟರ್ ದಪ್ಪದ ಗಟ್ಟಿ ಮರದ ಮೇಲೆ ಮಿಲಿಮೀಟರಿನ ಒಂದು ಪಾಲಿನಷ್ಟು ಬಣ್ಣ ಅದಕ್ಕೆ ಏನೂ ಮಾಡುವುದಿಲ್ಲ ಅನ್ನುವುದು ನನ್ನ ನಂಬಿಕೆ. ವೀಣೆ, ಪಿಟೀಲಿನಂಥ ಟೊಳ್ಳು ಮೈಯ ವಾದ್ಯದ ಮಾತು ಬೇರೆ, ಅದನ್ನು ಮನೆಯಲ್ಲಿ ಮುಟ್ಟಬೇಡಿ.

ಆ ಬಿಳಿಚಿನ ಗತಿ ಏನಾಯಿತು? ಸರಿಹೋಯಿತು. ಲ್ಯಾಕರ್ ಬೆಲ್ಲದ ಜಾತಿ ಅಂದೆನಲ್ಲ. ಮಳೆ ಹೊಳವಾಗಿ ಒಳ್ಳೆಯ ಬಿಸಿಲು ಬಂದ ದಿನ, ನಿಧಾನ ಆರುವ ಥಿನ್ನರನ್ನು ಮಂಜಿನಷ್ಟು ತೆಳುವಾಗಿ ಹಾಯಿಸಿದೆ. ಮೇಲ್ಪದರ ಕರಗಿ ಗುಳ್ಳೆಗಳು ಮುಚ್ಚಿಕೊಂಡವು, ಕಣ್ಣೆದುರೇ ನೀಲಿ ವಾಪಸ್ ಬಂತು. ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟು ಹೊಡೆದು ನಾಲ್ಕು ವಾರ ಮುಟ್ಟದೆ ಇಟ್ಟೆ. ಬೆರಳಿಗೆ ಒಣಗಿದ ಹಾಗೆ ಕಂಡರೂ ಒಳಗೆ ಥಿನ್ನರ್ ಇರುತ್ತದೆ. ಅದು ಹೊರಡುತ್ತಾ ಹೋದ ಹಾಗೆ ಬಣ್ಣ ಕುಗ್ಗುತ್ತದೆ. ಅವಸರದಲ್ಲಿ ಉಜ್ಜಿ ಹೊಳಪು ಬರಿಸಿದರೆ ಆಮೇಲೆ ಕುಗ್ಗಿ, ಮುಚ್ಚಿದ ಗೀರುಗಳೆಲ್ಲ ಮತ್ತೆ ಮೇಲೆ ಕಾಣುತ್ತವೆ. ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉಪಕರಣ ಮೂಗು. ಹತ್ತಿರ ಹಿಡಿದಾಗ ವಾಸನೆ ಬಂದರೆ ಇನ್ನೂ ಆಗಿಲ್ಲ.

ವಾಸನೆ ನಿಂತ ಮೇಲೆ ನೀರು ಹಾಕಿ 1000, 1500, 2000 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿದೆವು. ಸ್ಕ್ರೂ ತೂತುಗಳ ಹತ್ತಿರ ನೀರು ಹೋಗದ ಹಾಗೆ ನೋಡಿಕೊಂಡೆವು, ಒಳಗಿನ ಮರ ಉಬ್ಬಿದರೆ ಬಣ್ಣ ಸೀಳುತ್ತದೆ. 2000 ನಂಬರಿನ ಕಣ ಸುಮಾರು 10 ಮೈಕ್ರೋಮೀಟರ್. ಕಣ್ಣಿಗೆ ಕಾಣುವ ಬೆಳಕಿನ ಅಲೆ 0.4ರಿಂದ 0.7 ಮೈಕ್ರೋಮೀಟರ್. ಗೀರಿನ ಆಳ ಆ ಅಲೆಗಿಂತ ಸಾಕಷ್ಟು ಚಿಕ್ಕದಾಗುವ ತನಕ ಮೈ ಮಂಕು. ಕಾರಿನ ರಬ್ಬಿಂಗ್ ಕಾಂಪೌಂಡ್ ಹಾಕಿ ಹತ್ತಿ ಬಟ್ಟೆಯಲ್ಲಿ ತಿಕ್ಕುತ್ತಿದ್ದಾಗ ಒಂದು ಕ್ಷಣದಲ್ಲಿ ಮಂಕು ಹೋಗಿ, ಹುಡುಗನ ಮುಖ ನೀಲಿಯೊಳಗೆ ಕಂಡಿತು. ಅವನು ತಿಕ್ಕುವುದನ್ನು ನಿಲ್ಲಿಸಲೇ ಇಲ್ಲ. ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿ ಬೇಗ ಸವೆಯುತ್ತದೆ ಅಂತ ಕೈ ಹಿಡಿದು ತಡೆಯಬೇಕಾಯಿತು.

ಗಿಟಾರನ್ನು ನಿಲ್ಲಿಸುವ ಸ್ಟ್ಯಾಂಡಿನ ರಬ್ಬರಿಗೆ ಅವನ ಅಜ್ಜನ ಹಳೆಯ ಪಂಚೆಯ ತುಂಡು ಸುತ್ತಿದ್ದೇವೆ. ರಬ್ಬರನ್ನು ಮೆತ್ತಗಿಡುವ ರಾಸಾಯನಿಕಗಳು ನಿಧಾನವಾಗಿ ಹೊರಬಂದು ಲ್ಯಾಕರಿನೊಳಗೆ ಇಳಿಯುತ್ತವೆ, ತಾಗಿದ ಕಡೆ ಬಣ್ಣ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಒಗೆದು ಒಗೆದು ನುಣುಪಾದ ಹತ್ತಿ ಬಟ್ಟೆಯಿಂದ ಅಂಥ ತೊಂದರೆ ಇಲ್ಲ.