ಆ ಕಡೆ ಇರುವ ರೂಟರ್ ನಮ್ಮದೇನಾ?

ಎರಡು ಕಚೇರಿಗಳ ರೂಟರ್‌ಗಳ ನಡುವೆ ವಿಪಿಎನ್ (ಇಂಟರ್ನೆಟ್ ಮೇಲಿನ ಗುಟ್ಟಿನ ಸಂಪರ್ಕ) ಹಾಕುವಾಗ ಚರ್ಚೆಯೆಲ್ಲ ಎನ್‌ಕ್ರಿಪ್ಶನ್, ಅಂದ್ರೆ ಮಾಹಿತಿಯನ್ನು ಬೇರೆಯವರು ಓದದಂತೆ ಮುಚ್ಚುವುದರ ಸುತ್ತಲೇ. ಎಇಎಸ್ ಎಂಬ ವಿಧಾನದಲ್ಲಿ 128 ಬಿಟ್ ಕೀ ಸಾಕಾ, 256 ಬೇಕಾ ಅಂತ. ಜಾಸ್ತಿ ತಲೆನೋವು ಕೊಟ್ಟಿದ್ದು ಮಾತ್ರ ಬೇರೆಯೇ ಪ್ರಶ್ನೆ: ಆ ಕಡೆ ಇರುವ ರೂಟರ್ ನಿಜವಾಗಿ ನಮ್ಮದೇನಾ?

ಮೊದಲ ಪರಿಚಯವೇ ಇಲ್ಲದ ಇಬ್ಬರು ಎಲ್ಲರೆದುರೇ ಒಂದು ಗುಟ್ಟಿನ ಕೀ ಮಾಡಿಕೊಳ್ಳಬಹುದು ಎಂದು ಗುಪ್ತಲಿಪಿ ಸಂಶೋಧಕರಾದ ಡಿಫಿ ಮತ್ತು ಹೆಲ್‌ಮನ್ 1976ರಲ್ಲೇ ತೋರಿಸಿದ್ದರು. ಆದರೆ ಯಾರ ಜೊತೆ ಮಾಡಿಕೊಂಡೆವು ಅನ್ನೋದು ಅದರಿಂದ ಗೊತ್ತಾಗುವುದಿಲ್ಲ. ಮಧ್ಯೆ ಕೂತವನೊಬ್ಬ ಎರಡೂ ಕಡೆಗೆ ಬೇರೆ ಬೇರೆ ಕೀ ಮಾಡಿಕೊಂಡು ಎಲ್ಲವನ್ನೂ ಓದಬಹುದು.

1998ರ ನವೆಂಬರ್‌ನಲ್ಲಿ ಇಂಟರ್ನೆಟ್‌ನ ಮಾನದಂಡಗಳನ್ನು ರೂಪಿಸುವ ಐಇಟಿಎಫ್, ವಿಪಿಎನ್‌ನ ಎರಡು ತುದಿಗಳು ಕೀ ಒಪ್ಪಿಕೊಳ್ಳುವ ಐಕೆಇ ನಿಯಮಗಳನ್ನು ಹೊರತಂದಾಗ ಗುರುತು ತೋರಿಸಲು ಹಲವು ದಾರಿ ಕೊಟ್ಟಿತ್ತು. ಸರ್ಟಿಫಿಕೇಟ್ (ನಂಬಿಕಸ್ಥರು ಕೊಡುವ ಡಿಜಿಟಲ್ ಗುರುತಿನ ಚೀಟಿ) ಜೊತೆಗಿನ ಡಿಜಿಟಲ್ ಸಹಿ ಅದರಲ್ಲಿ ಒಂದು. ಆದರೆ ಸರ್ಟಿಫಿಕೇಟ್ ಕೊಡುವವರು ಬೇಕು, ಅವಧಿ ಮುಗಿಯುವ ಮೊದಲು ಬದಲಿಸಬೇಕು, ರೂಟರ್‌ನ ಗಡಿಯಾರ ಸರಿಯಿರಬೇಕು. ಯಾರಿಗೆ ಬೇಕು ಈ ರಗಳೆ? ಎರಡೂ ಕಡೆ ಒಂದೇ ಪಾಸ್‌ವರ್ಡ್ ಟೈಪ್ ಮಾಡಿದರೆ ಮುಗೀತು. ಅದೇ ಪ್ರೀ-ಶೇರ್ಡ್ ಕೀ, ಅಂದ್ರೆ ಮೊದಲೇ ಹಂಚಿಕೊಂಡ ಕೀ.

ಅಲ್ಲೊಂದು ಗಂಟು ಇತ್ತು. ಐಕೆಇ ಮಾತುಕತೆಯ ಒಂದು ಬಗೆಯಾದ ಮೇನ್ ಮೋಡ್‌ನಲ್ಲಿ ಆರು ಸಂದೇಶ ಓಡಾಡುತ್ತವೆ. ಕರೆ ಮಾಡಿದ ರೂಟರ್ ತನ್ನ ಹೆಸರು ಹೇಳುವುದು ಐದನೆಯದರಲ್ಲಿ, ಅದೂ ಎನ್‌ಕ್ರಿಪ್ಟ್ ಮಾಡಿ. ಅದನ್ನು ಬಿಡಿಸಲು ಪ್ರೀ-ಶೇರ್ಡ್ ಕೀ ಬೇಕು. ಯಾವ ಕೀ ಎಂದು ಗೊತ್ತಾಗಲು ಹೆಸರು ಬೇಕು! ಹಾಗಾಗಿ ಐಪಿ ವಿಳಾಸ ನೋಡಿಯೇ ಕೀ ಆರಿಸಬೇಕಾಯಿತು. ವಿಳಾಸ ಆಗಾಗ ಬದಲಾಗುವ ಶಾಖೆಗಳಿಗೆ ಇದು ಆಗದ ಮಾತು. ಅವರು ಇನ್ನೊಂದು ಬಗೆಯಾದ ಅಗ್ರೆಸ್ಸಿವ್ ಮೋಡ್ ಹಿಡಿದರು. ಮೂರೇ ಸಂದೇಶ, ಹೆಸರು ಬಟಾಬಯಲು. ಜೊತೆಗೆ ಎರಡನೇ ಸಂದೇಶದಲ್ಲೇ ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿದ ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ ಸಂಖ್ಯೆ) ಕೂಡ ಹೊರಬೀಳುತ್ತದೆ. ಅದನ್ನು ಹಿಡಿದುಕೊಂಡವನು ತನ್ನ ಕಂಪ್ಯೂಟರ್‌ನಲ್ಲಿ ಆರಾಮಾಗಿ ಒಂದೊಂದೇ ಪದ ಹಾಕಿ ನೋಡಬಹುದು. ಲಾಗ್‌ನಲ್ಲಿ ಆ ಪ್ರಯತ್ನಗಳ ಸುಳಿವೇ ಇರುವುದಿಲ್ಲ. ಸುಲಭಕ್ಕೆಂದು ಆರಿಸಿದ ದಾರಿ ತಂದಿಟ್ಟ ಫಜೀತಿ ಇದು.

2005ರ ಡಿಸೆಂಬರ್‌ನಲ್ಲಿ ಬಂದ ಐಕೆಇಯ ಎರಡನೇ ಆವೃತ್ತಿ ಐಕೆಇವಿ2 ಈ ಗಂಟನ್ನು ಬಿಡಿಸಿತು. ಹೆಸರನ್ನು ಮುಚ್ಚುವ ಕೀ ಈಗ ಡಿಫಿ-ಹೆಲ್‌ಮನ್‌ನಿಂದಲೇ ಹುಟ್ಟುತ್ತದೆ. ಮೊದಲು ಹೆಸರು ಓದಿ, ಆಮೇಲೆ ಪಾಸ್‌ವರ್ಡ್ ಹುಡುಕಬಹುದು. ಒಂದು ಕಡೆ ಸರ್ಟಿಫಿಕೇಟ್, ಇನ್ನೊಂದು ಕಡೆ ಪಾಸ್‌ವರ್ಡ್ ಇದ್ದರೂ ನಡೆಯುತ್ತದೆ. ಹಾಗಂತ ಸುಮ್ನೆ ಏನೋ ಒಂದು ಪದ ಹಾಕಿಟ್ಟರೆ ಇದರಲ್ಲೂ ಅಪಾಯ ತಪ್ಪಿದ್ದಲ್ಲ. ಎದುರಿನ ರೂಟರ್‌ನ ವೇಷ ಹಾಕಿದವನಿಗೆ ಊಹಿಸಿ ನೋಡಲು ಸಾಮಗ್ರಿ ಸಿಕ್ಕೇ ಸಿಗುತ್ತದೆ. ಹಳೆಯ ಐಕೆಇಯನ್ನು ಬಳಸಬೇಡಿ ಎಂದು ಐಇಟಿಎಫ್ ಅಧಿಕೃತವಾಗಿ ಹೇಳಿದ್ದು 2023ರಲ್ಲಿ.

ಈ ನಡುವೆ, 2020ರಲ್ಲಿ ಲಿನಕ್ಸ್ ಕರ್ನಲ್‌ಗೆ (ಆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಸೇರಿದ ವೈರ್‌ಗಾರ್ಡ್ ಎಂಬ ಇನ್ನೊಂದು ವಿಪಿಎನ್, ಗುರುತು ತೋರಿಸುವ ಆಯ್ಕೆಗಳನ್ನೇ ಕಿತ್ತುಹಾಕಿತು. ಎದುರಿನವರ ಪಬ್ಲಿಕ್ ಕೀಯೇ (ಎಲ್ಲರಿಗೂ ತೋರಿಸಬಹುದಾದ ಕೀ) ಗುರುತು, ಅಷ್ಟೇ. ತಮಾಷೆ ಅಂದ್ರೆ, ಅದೇ ವರ್ಷ ಐಇಟಿಎಫ್ ಹಂಚಿಕೊಂಡ ಕೀಯನ್ನು ಐಕೆಇವಿ2ಗೆ ಇನ್ನೊಂದು ಕೆಲಸಕ್ಕೆ ವಾಪಸ್ ಕರೆಸಿತು. ಮುಂದೆ ಬರಬಹುದಾದ ಕ್ವಾಂಟಂ ಕಂಪ್ಯೂಟರ್‌ಗಳು ಡಿಫಿ-ಹೆಲ್‌ಮನ್ ಅನ್ನು ಒಡೆದರೂ ಗುಟ್ಟು ಉಳಿಯಲಿ ಎಂದು ಅದನ್ನು ಎನ್‌ಕ್ರಿಪ್ಶನ್ ಕೀಗಳಿಗೆ ಬೆರೆಸುತ್ತಾರೆ. ಈ ಸಲ ಷರತ್ತು ಬಿಗಿಯಾಗಿದೆ: ಕನಿಷ್ಠ 256 ಬಿಟ್‌ನಷ್ಟು ಊಹೆಗೆ ಸಿಗದ ಕೀ ಇರಬೇಕು.