ದ್ರಾವಣ ಪಕ್ಕಕ್ಕೂ ತಿನ್ನುತ್ತದೆ

ಮನೆಯಲ್ಲೇ ಹಿತ್ತಾಳೆ ತಗಡನ್ನು ಎಚಿಂಗ್ ಮಾಡಿ, ಅಂದರೆ ಬೇಡದ ಲೋಹವನ್ನು ದ್ರಾವಣದಲ್ಲಿ ಕರಗಿಸಿ, ತಮ್ಮ ಮಾಡೆಲ್‌ಗೆ ಬಿಡಿಭಾಗ ಮಾಡಿಕೊಳ್ಳುವವರು ನನಗೆ ಡ್ರಾಯಿಂಗ್ ಕಳಿಸುತ್ತಲೇ ಇರುತ್ತಾರೆ. 'ಸರ್, ಎಲ್ಲಿ ತಪ್ಪಿದೆ ನೋಡಿ' ಅಂತ. ಜೊತೆಗೆ ಹಾಳಾದ ತಗಡಿನ ಫೋಟೊ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಒಂದೇ: ಲೋಹವಾಗಿ ಉಳಿಯಬೇಕಾದ ಗೆರೆ ತೀರಾ ಸಣ್ಣದು. ಅವರ ಅನುಮಾನ ಮಾತ್ರ ಯಾವಾಗಲೂ ಲೋಹ ಕರಗಿಸುವ ಫೆರಿಕ್ ಕ್ಲೋರೈಡ್ ದ್ರಾವಣದ ಮೇಲೆ.

ತಗಡಿನ ಮೇಲೆ ಬೆಳಕಿಗೆ ಸ್ಪಂದಿಸುವ ಫಿಲಂ ಅಂಟಿಸುವುದು, ಡ್ರಾಯಿಂಗ್‌ನ ಪ್ರಿಂಟ್ ಇಟ್ಟು ಬೆಳಕು ಕೊಡುವುದು, ಡೆವಲಪ್ ಮಾಡಿ ಲೋಹ ಕರಗಬೇಕಾದ ಕಡೆ ಫಿಲಂ ತೊಳೆದು ತೆಗೆಯುವುದು ಎಲ್ಲ ಜನ ಬೇಗ ಕಲಿಯುತ್ತಾರೆ. ಅದನ್ನು ಬಿಡೋಣ. ಪ್ರಿಂಟಿನ ಇಂಕ್ ಇರುವ ಮುಖ ಫಿಲಂಗೆ ತಾಗುವ ಹಾಗೆ ಇಡಿ, ಇಲ್ಲದಿದ್ದರೆ ಬೆಳಕು ಅಂಚಿನಡಿ ನುಸುಳುತ್ತದೆ. ಅಷ್ಟು ಸಾಕು.

ತಲೆಗೆ ಹೋಗದಿರುವುದು ಇದು. ದ್ರಾವಣಕ್ಕೆ ಕೆಳಗೆ ಯಾವುದು, ಪಕ್ಕ ಯಾವುದು ಅಂತ ಗೊತ್ತಿಲ್ಲ. ತಾಗಿದ ಲೋಹವನ್ನೆಲ್ಲ ಅದು ಕರಗಿಸುತ್ತದೆ. ಮೊದಲು ಮೇಲ್ಮೈ ತಾಗುತ್ತದೆ, ಸ್ವಲ್ಪ ಗುಳಿ ಬಿದ್ದ ಮೇಲೆ ಗುಳಿಯ ಗೋಡೆಯೂ ತಾಗುತ್ತದೆ. ಹೊಳೆ ತಳ ಕೊರೆಯುತ್ತಲೇ ದಡವನ್ನೂ ಕೊರೆದ ಹಾಗೆ. ಮೇಲಿನ ಫಿಲಂ ಗಟ್ಟಿಯಾಗಿ ನಿಂತಿರುತ್ತದೆ, ಅದರ ಅಡಿಯಲ್ಲಿ ಹಿತ್ತಾಳೆ ಸವೆದಿರುತ್ತದೆ.

ಎಷ್ಟು ಸವೆಯುತ್ತದೆ? ದ್ರಾವಣದ ಬಿಸಿ, ಅದನ್ನು ಅಲ್ಲಾಡಿಸುವ ರೀತಿ, ಎಷ್ಟು ಬಳಸಿದ ದ್ರಾವಣ, ಇದೆಲ್ಲದರ ಮೇಲೆ ಹೋಗುತ್ತದೆ. ಹಾಗಾಗಿ ಖಚಿತ ಸಂಖ್ಯೆ ನಾನು ಕೊಡುವುದಿಲ್ಲ. ಲೆಕ್ಕಕ್ಕೆ ಮಾತ್ರ, ಆಳದ ಅರ್ಧದಷ್ಟು ಪಕ್ಕಕ್ಕೆ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ.

ಒಬ್ಬ ಹುಡುಗ 1:72 ಅಳತೆಯ ಹಡಗಿಗೆ ಏಣಿ ಮಾಡಲು ಹೊರಟಿದ್ದ. ತುಂಬಾ ಅಚ್ಚುಕಟ್ಟು ಹುಡುಗ. ನಿಜವಾದ ಏಣಿಯ ಮೆಟ್ಟಿಲು ಸರಳು 20 ಮಿ.ಮೀ., ಅದನ್ನು 72ರಿಂದ ಭಾಗಿಸಿ ಸರಿಯಾಗಿ 0.28 ಮಿ.ಮೀ. ಗೆರೆ ಎಳೆದಿದ್ದ. ತಗಡು 0.3 ಮಿ.ಮೀ., ಎಚಿಂಗ್ ಒಂದೇ ಮುಖದಿಂದ. ತೆಗೆದು ನೋಡಿದರೆ ಎರಡು ಪಕ್ಕದ ಪಟ್ಟಿ ಇದೆ, ಮೆಟ್ಟಿಲೇ ಇಲ್ಲ. ದ್ರಾವಣ ಖಾರ ಜಾಸ್ತಿ ಅಂದುಕೊಂಡು ಬಾಟಲಿ ಬದಲಿಸಿದ. ಅದೇ ಕಥೆ. ಆಮೇಲೆ ನೀರು ಬೆರೆಸಿದ. ಕೆಲಸ ನಿಧಾನವಾಯಿತು, ಮೆಟ್ಟಿಲು ಮತ್ತೆ ಮಾಯ. ಆಗುವುದು ಹಾಗೇ ಅಲ್ವಾ? ತೀರಾ ತೆಳು ಮಾಡಿದರೆ ಕೆಳಗೆ ಹೋಗುವುದೂ ನಿಧಾನ, ಪಕ್ಕಕ್ಕೆ ಹೋಗುವುದೂ ನಿಧಾನ. ತಗಡು ತೂತಾಗುವ ಹೊತ್ತಿಗೆ ಗೋಡೆ ಹೆಚ್ಚುಕಮ್ಮಿ ಅಷ್ಟೇ ಸವೆದಿರುತ್ತದೆ.

ಲೆಕ್ಕ ಹಾಕಿ. 0.3 ಆಳಕ್ಕೆ ಒಂದು ಅಂಚಿನಲ್ಲಿ 0.15 ಹೋಯಿತು. ಗೆರೆಗೆ ಎರಡು ಅಂಚು. ಒಟ್ಟು 0.3. ಇದ್ದದ್ದೇ 0.28!

ಅವನಿಗೆ ಹೇಳಿದೆ: 0.1 ಮಿ.ಮೀ. ತಗಡು ತಗೋ, ಎರಡೂ ಮುಖದಿಂದ ತಿನ್ನಿಸು. ಆಗ ಒಂದೊಂದು ಮುಖದಿಂದ 0.05 ಇಳಿದರೆ ಸಾಕು. ಪಕ್ಕಕ್ಕೆ ಹೋಗುವುದು ಅಂಚಿಗೆ 0.025, ಎರಡೂ ಅಂಚು ಸೇರಿ 0.05. ಗೆರೆಯನ್ನು 0.33 ಎಳೆದರೆ ಬೇಕಾದ 0.28 ಉಳಿಯುತ್ತದೆ. 'ಆದರೆ ಡ್ರಾಯಿಂಗ್‌ನಲ್ಲಿ ಅಳತೆ ತಪ್ಪಾಗುತ್ತಲ್ಲ ಸರ್' ಎಂದ. ಹೌದಪ್ಪ, ಡ್ರಾಯಿಂಗ್ ತಪ್ಪಿರಬೇಕು, ಭಾಗ ಸರಿ ಇರಬೇಕು. ಇದನ್ನು ಒಪ್ಪಿಸುವುದಕ್ಕೆ ನನಗೆ ಸಂಜೆಯಾಯಿತು. ನಿಖರವಾಗಿ ಕೆಲಸ ಮಾಡುವವರಿಗೇ ಇದು ಕಷ್ಟ, ಅದಕ್ಕೇ ಅವರ ಮೇಲೆ ಸಿಟ್ಟು ಬರುವುದಿಲ್ಲ.

ನಾನು ಇಟ್ಟುಕೊಂಡಿರುವ ನಿಯಮ: ತಗಡಿನ ದಪ್ಪಕ್ಕಿಂತ ಸಣ್ಣ ಗೆರೆ ಎಳೆಯಬೇಡಿ. ಗೆರೆಗಳ ನಡುವೆ ಕರಗಿ ಹೋಗಬೇಕಾದ ಸಂದುಗಳಿಗೂ ಇದೇ ಮಾತು. ತೀರಾ ಕಿರಿದಾದ ಸಂದಿಗೆ ಹೊಸ ದ್ರಾವಣ ಸರಿಯಾಗಿ ಹೋಗುವುದಿಲ್ಲ. ಅದು ತೂತಾಗಲಿ ಅಂತ ಕಾಯುವಷ್ಟರಲ್ಲಿ ಅಗಲ ಜಾಗದ ಅಂಚುಗಳು ಸವೆದಿರುತ್ತವೆ. ಭಾಗದ ಸುತ್ತ ಒಂದೇ ಅಗಲದ ಓಣಿ ಬಿಟ್ಟು, ಆಚೆಯ ಖಾಲಿ ಜಾಗವನ್ನು ಫಿಲಂನಿಂದ ಮುಚ್ಚಿಬಿಡಿ. ದ್ರಾವಣವೂ ಉಳಿಯುತ್ತದೆ.

ಎರಡು ಮುಖ ಅಂದಕೂಡಲೇ, ಎರಡೂ ಕಡೆಯ ಚಿತ್ರ ಹೊಂದದಿದ್ದರೆ ಅಂತ ಜನ ಹೆದರುತ್ತಾರೆ. ಎರಡು ಪ್ರಿಂಟನ್ನು ಬೆಳಕಿಗೆ ಹಿಡಿದು ಹೊಂದಿಸಿ, ಮೂರು ಅಂಚು ಅಂಟಿಸಿ ಲಕೋಟೆ ಮಾಡಿ, ತಗಡನ್ನು ಒಳಗೆ ತೂರಿಸಿ. ಭಾಗವನ್ನು ಮಡಚಬೇಕಾದ ಕಡೆ ಒಂದೇ ಮುಖದಿಂದ ದ್ರಾವಣ ತಿನ್ನುವ ಹಾಗೆ ಪ್ರಿಂಟಿನಲ್ಲಿ ಗೆರೆ ಬಿಟ್ಟರೆ ಅದು ಕಾಲುವೆಯಾಗಿ ಸುಮಾರು ಅರ್ಧ ದಪ್ಪಕ್ಕೆ ನಿಲ್ಲುತ್ತದೆ. ಮಡಚುವಾಗ ಆ ಕಾಲುವೆ ಒಳಗಡೆ ಬರಲಿ.

ಪ್ರತಿ ತಗಡಿನ ಅಂಚಿನಲ್ಲೂ 0.1, 0.2, 0.3, 0.4 ಮಿ.ಮೀ. ಗೆರೆಗಳ ಒಂದು ಸಾಲು ಎಳೆದಿಡಿ. ಎಚಿಂಗ್ ಮುಗಿದ ಮೇಲೆ ಉಳಿದದ್ದನ್ನು ಅಳೆಯಿರಿ. ನಿಮ್ಮ ತೊಟ್ಟಿ, ನಿಮ್ಮ ದ್ರಾವಣ ಎಷ್ಟು ತಿನ್ನುತ್ತದೆ ಅಂತ ಅದು ಹೇಳುತ್ತದೆ. ನನ್ನ ಅರ್ಧದ ಲೆಕ್ಕವನ್ನು ಆಮೇಲೆ ಮರೆತುಬಿಡಿ.

ಕನ್ನಡಕ, ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ. ಬಳಸಿದ ದ್ರಾವಣದಲ್ಲಿ ಕರಗಿದ ತಾಮ್ರ ಇರುತ್ತದೆ, ನೀರಿನ ಜೀವಿಗಳಿಗೆ ಅದು ವಿಷ. ಸಿಂಕಿಗೆ ಸುರಿಯಲೇಬೇಡಿ. ಪ್ಲಾಸ್ಟಿಕ್ ಕ್ಯಾನಿನಲ್ಲಿ ತುಂಬಿ, ಮೇಲೆ ಹೆಸರು ಬರೆದು, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೇ ಕೊಡಿ.