ಪ್ರೀಮಿಯರ್ ಕುರ್ಚಿಯಿಂದ ಕಂಪನಿಯ ಮಂಡಳಿಗೆ: ಮೈಕ್ ಹ್ಯಾರಿಸ್ ನಡೆದ ದಾರಿ

2021ರ ಜನವರಿ 1ರಂದು ಕೆನಡಾದ ಒಂಟಾರಿಯೊ ಪ್ರಾಂತ್ಯವು ತನ್ನ ಅತ್ಯುನ್ನತ ಪುರಸ್ಕಾರಕ್ಕೆ ಆಯ್ಕೆಯಾದವರ ಪಟ್ಟಿಯನ್ನು ಪ್ರಕಟಿಸಿದಾಗ, ಅದರಲ್ಲಿದ್ದ ಮಾಜಿ ಪ್ರೀಮಿಯರ್ ಮೈಕ್ ಹ್ಯಾರಿಸ್ ಅವರ ಹೆಸರಿಗೆ ತೀವ್ರ ವಿರೋಧ ಕೇಳಿಬಂತು. ಕೋವಿಡ್ಡಿನ ಎರಡನೇ ಅಲೆ ವೃದ್ಧರ ಆರೈಕೆ ಮನೆಗಳಲ್ಲಿ ಜೀವಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ದಿನಗಳವು. ಹ್ಯಾರಿಸ್ ಆಗ ಅಂಥ ಮನೆಗಳನ್ನು ನಡೆಸುತ್ತಿದ್ದ ಚಾರ್ಟ್‌ವೆಲ್ ಸಂಸ್ಥೆಯ ಮಂಡಳಿಯ ಅಧ್ಯಕ್ಷರಾಗಿದ್ದರು.

ನಾರ್ತ್ ಬೇ ಊರಿನಲ್ಲಿ ಬೆಳೆದು, ಶಾಲಾ ಮೇಷ್ಟರಾಗಿಯೂ ಸ್ಕೀಯಿಂಗ್ ತರಬೇತುದಾರರಾಗಿಯೂ ದುಡಿದ ಹ್ಯಾರಿಸ್, 1981ರಲ್ಲಿ ನಿಪಿಸ್ಸಿಂಗ್ ಕ್ಷೇತ್ರದಿಂದ ಪ್ರಾಂತೀಯ ಶಾಸನಸಭೆಗೆ ಆಯ್ಕೆಯಾದರು. 1990ರಲ್ಲಿ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷದ ನಾಯಕತ್ವ, 1995ರಲ್ಲಿ ಪ್ರೀಮಿಯರ್ ಪದವಿ, ಅಂದರೆ ನಮ್ಮ ಮುಖ್ಯಮಂತ್ರಿ ಸ್ಥಾನಕ್ಕೆ ಸಮನಾದದ್ದು, ಅವರಿಗೆ ದಕ್ಕಿತು. ಆದಾಯ ತೆರಿಗೆಯಲ್ಲಿ ಶೇ 30ರಷ್ಟು ಕಡಿತದ ಭರವಸೆ ಕೊಟ್ಟು ಗೆದ್ದವರು ಅದೇ ವರ್ಷ ಬಡವರ ನೆರವಿನ ಹಣವನ್ನು ಶೇ 21.6ರಷ್ಟು ಇಳಿಸಿದರು. 1999ರಲ್ಲಿ 407 ಹೆದ್ದಾರಿಯನ್ನು 310 ಕೋಟಿ ಡಾಲರಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟವರೂ ಅವರೇ. (ಟೊರಾಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಆ ರಸ್ತೆಯ ಟೋಲ್ ಬಿಲ್ಲನ್ನು ಬೇರೆ ಪರಿಚಯಿಸಬೇಕಿಲ್ಲ.)

ನಮ್ಮ ವಿಷಯಕ್ಕೆ ಮುಖ್ಯವಾದವು ಇನ್ನೆರಡು ತೀರ್ಮಾನಗಳು. ಆರೈಕೆ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ದಿನಕ್ಕೆ ಕನಿಷ್ಠ 2.25 ಗಂಟೆಯ ಶುಶ್ರೂಷೆ ಸಿಗಬೇಕೆಂಬ ನಿಯಮವನ್ನು ಹ್ಯಾರಿಸ್ ಸರ್ಕಾರ 1996ರಲ್ಲಿ ತೆಗೆದುಹಾಕಿತು. ಹಾಸಿಗೆಯಿಂದ ತಾವಾಗಿ ಏಳಲಾಗದ ಅಜ್ಜಿಯೊಬ್ಬರಿಗೆ ಮೈ ತೊಳೆಸಿ, ಬಟ್ಟೆ ಬದಲಿಸಿ, ಮೂರು ಹೊತ್ತು ತುತ್ತು ತಿನ್ನಿಸಿ, ಶೌಚಕ್ಕೆ ಕರೆದೊಯ್ದು, ಮಾತ್ರೆ ನುಂಗಿಸುವಷ್ಟರಲ್ಲಿ ಆ ಎರಡೂಕಾಲು ಗಂಟೆ ಮುಗಿದೇ ಹೋಗುತ್ತದೆ. ಅಷ್ಟೂ ಸಿಗಲೇಬೇಕೆಂಬ ಖಾತರಿ ಇಲ್ಲವಾಯಿತು. ಬಳಿಕ 1998ರಲ್ಲಿ 20,000 ಹೊಸ ಹಾಸಿಗೆಗಳ ಯೋಜನೆ ಬಂತು. ಕಟ್ಟಡಕ್ಕೆ ಬಂಡವಾಳ ಹೊಂದಿಸಬಲ್ಲವರಿಗೆ ಅನುಕೂಲವಾಗಿದ್ದ ಆ ಹಂಚಿಕೆಯಲ್ಲಿ, ಸರಿಸುಮಾರು ಮೂರನೇ ಎರಡು ಪಾಲು ಲಾಭಕ್ಕಾಗಿ ನಡೆಯುವ ಕಂಪನಿಗಳಿಗೆ ಹೋಯಿತು.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಪರದೆ ಎಳೆದುಕೊಂಡು ನಾಲ್ವರು ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಹಳೆಯ ಪದ್ಧತಿಯನ್ನು ಕೈಬಿಟ್ಟು, ಕೋಣೆಗೆ ಇಬ್ಬರಿಗಿಂತ ಹೆಚ್ಚು ಮಂದಿ ಇರಬಾರದೆಂಬ ಹೊಸ ವಿನ್ಯಾಸದ ಮಾನದಂಡ ಬಂದದ್ದೂ ಅದೇ ಅವಧಿಯಲ್ಲಿ. ಕೋವಿಡ್ ಹೆಚ್ಚು ಹಾನಿ ಮಾಡಿದ್ದು ಆ ಮಾನದಂಡಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ.

2002ರ ಏಪ್ರಿಲ್‌ನಲ್ಲಿ ಹ್ಯಾರಿಸ್ ಅಧಿಕಾರ ಬಿಟ್ಟರು. 2003ರ ನವೆಂಬರ್‌ನಲ್ಲಿ ಚಾರ್ಟ್‌ವೆಲ್ ಟೊರಾಂಟೊ ಷೇರುಪೇಟೆಗೆ ಬಂದಾಗ ಅದರ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿ ಅವರಿದ್ದರು. ಅಧಿಕಾರ ಬಿಟ್ಟ ಸಚಿವರ ಮೇಲೆ ಒಂಟಾರಿಯೊದ 1994ರ ಕಾಯ್ದೆ ಹೇರುವ ನಿರ್ಬಂಧದ ಅವಧಿ ಒಂದೇ ವರ್ಷ. ಅದು ಆಗಲೇ ಕಳೆದಿತ್ತು. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ ಎನ್ನುವುದೇ, ನನ್ನ ದೃಷ್ಟಿಯಲ್ಲಿ, ಗಮನಿಸಬೇಕಾದ ಸಂಗತಿ: ಒಂದು ಉದ್ಯಮದ ಸ್ವರೂಪವನ್ನೇ ಬದಲಿಸಿದ ತೀರ್ಮಾನದ ಫಲ ದಶಕಗಟ್ಟಲೆ ಸಿಗುತ್ತಿರುವಾಗ, ಕಾಯ್ದೆ ಲೆಕ್ಕ ಹಾಕುವುದು ಹನ್ನೆರಡು ತಿಂಗಳನ್ನು ಮಾತ್ರ.

ಅದೇ ಹೊತ್ತಿಗೆ ಅವರು ವಾಹನ ಬಿಡಿಭಾಗಗಳ ದೈತ್ಯ ಸಂಸ್ಥೆ ಮ್ಯಾಗ್ನಾದ ನಿರ್ದೇಶಕರೂ ಆದರು. ಅವರದೇ ಪಕ್ಷದ ಇನ್ನೊಬ್ಬ ಮಾಜಿ ಪ್ರೀಮಿಯರ್ ಬಿಲ್ ಡೇವಿಸ್ ಕೂಡ ಹಿಂದೆ ಆ ಕಂಪನಿಯ ಮಂಡಳಿಯಲ್ಲಿದ್ದವರು. ಹಾಗಾಗಿ ಆ ದಾರಿ ಸವೆದ ದಾರಿಯೇ. 2010ರಲ್ಲಿ ಸ್ಥಾಪಕ ಫ್ರಾಂಕ್ ಸ್ಟ್ರೋನಾಕ್ ತಮ್ಮ ವಿಶೇಷ ಮತಾಧಿಕಾರದ ಷೇರುಗಳನ್ನು ಬಿಟ್ಟುಕೊಡಲು 30 ಕೋಟಿ ಅಮೆರಿಕನ್ ಡಾಲರ್ ನಗದು ಮತ್ತು 90 ಲಕ್ಷ ಷೇರು ಪಡೆದ ಒಪ್ಪಂದವನ್ನು ದೊಡ್ಡ ಪಿಂಚಣಿ ನಿಧಿಗಳು ವಿರೋಧಿಸಿದಾಗಲೂ ಹ್ಯಾರಿಸ್ ಮಂಡಳಿಯಲ್ಲಿದ್ದರು.

ಕೋವಿಡ್ಡಿನ ಮೊದಲೆರಡು ಅಲೆಗಳಲ್ಲಿ ಒಂಟಾರಿಯೊದ ಆರೈಕೆ ಮನೆಗಳಲ್ಲಿ ಸತ್ತವರು ಸುಮಾರು 4,000. ಸಹಾಯಕ್ಕೆಂದು ಕರೆಸಲಾಗಿದ್ದ ಸೈನ್ಯವು 2020ರ ಮೇ ತಿಂಗಳಲ್ಲಿ ಐದು ಮನೆಗಳ ದುಃಸ್ಥಿತಿಯನ್ನು ವರದಿ ಮಾಡಿತು. ಆ ಐದರಲ್ಲಿ ಚಾರ್ಟ್‌ವೆಲ್ ಮನೆ ಯಾವುದೂ ಇರಲಿಲ್ಲ. ಆದರೂ ಜನರ ಸಿಟ್ಟು ಹ್ಯಾರಿಸ್ ಅವರತ್ತ ತಿರುಗಿದ್ದು, ಸರ್ಕಾರದ ತೀರ್ಮಾನಕ್ಕೂ ಉದ್ಯಮದ ಮಂಡಳಿಗೂ ಒಂದೇ ಮುಖ ಕಾಣುತ್ತಿದ್ದುದರಿಂದ.

2022ರಲ್ಲಿ ಅವರು ಚಾರ್ಟ್‌ವೆಲ್ ಮಂಡಳಿಯಿಂದ ನಿವೃತ್ತರಾದರು. ಅದಕ್ಕೂ ಮೊದಲು, 2021ರ ಡಿಸೆಂಬರ್‌ನಲ್ಲಿ, ಆರೈಕೆಗೆ ದಿನಕ್ಕೆ ನಾಲ್ಕು ಗಂಟೆಯ ಸರಾಸರಿ ಗುರಿಯನ್ನು ಒಂಟಾರಿಯೊ ಶಾಸನದಲ್ಲಿ ಬರೆಯಿತು. ಅದನ್ನು ತಂದದ್ದು ಹ್ಯಾರಿಸ್ ಅವರದೇ ಪಕ್ಷದ ಸರ್ಕಾರ. ಆಡಳಿತ ಪಕ್ಷದ ಶಾಸಕರ ಸಾಲಿನಲ್ಲಿ ಅವರ ಮಗ ಮೈಕ್ ಹ್ಯಾರಿಸ್ ಜೂನಿಯರ್ ಕೂಡ ಇದ್ದರು.